ಕೊನೆಯ ಅಂಕಿ ಮಾತ್ರ ಬದಲಾಗುವ ಅಪ್‌ಡೇಟ್: ಹಾಕಿಕೊಳ್ಳಬೇಕಾ, ಬಿಡಬಹುದಾ?

ಪ್ರಶ್ನೆ: ಎರಡು ವಾರದಿಂದ ನನ್ನ ಲ್ಯಾಪ್‌ಟಾಪ್ ‘ಅಪ್‌ಡೇಟ್ ಸಿದ್ಧವಿದೆ, ರೀಸ್ಟಾರ್ಟ್ ಮಾಡಿ’ ಎನ್ನುತ್ತಿದೆ. ನೋಡಿದರೆ ಆವೃತ್ತಿ ಸಂಖ್ಯೆಯ ಕೊನೆಯ ಅಂಕಿ ಮಾತ್ರ ಬದಲಾಗಿದೆ. ಹೋದ ಸಲ ಇಂಥದ್ದೇ ಒಂದನ್ನು ಹಾಕಿಕೊಂಡೆ. ಹೊಸದೇನೂ ಕಾಣಲಿಲ್ಲ. ಅದರ ಮೇಲೆ ಒಂದು ದಿನ ಪೂರ್ತಿ ಕಂಪ್ಯೂಟರ್ ನಿಧಾನವಾಗಿತ್ತು. ಈ ಸಣ್ಣ ಅಪ್‌ಡೇಟ್‌ನಲ್ಲಿ ಏನಿರುತ್ತದೆ? ಬಿಟ್ಟುಬಿಟ್ಟರೆ ಏನಾಗುತ್ತದೆ?

ಉತ್ತರ: ಹೊಸದೇನೂ ಕಾಣಲಿಲ್ಲ ಎಂದರೆ ಅಪ್‌ಡೇಟ್ ತನ್ನ ಕೆಲಸ ಸರಿಯಾಗಿ ಮಾಡಿದೆ ಎಂದೇ ಅರ್ಥ. ಇವು ಮನೆಯ ಬೀಗ ಬದಲಿಸಿದ ಹಾಗೆ. ಒಳಗಿನ ಸಾಮಾನು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಮೊದಲು ಅಂಕಿಗಳ ಲೆಕ್ಕ ನೋಡೋಣ. ಮ್ಯಾಕ್‌ನಲ್ಲಿ 14 ಹೋಗಿ 15 ಬಂದರೆ ಅದು ದೊಡ್ಡ ಬದಲಾವಣೆ. 14.3 ಹೋಗಿ 14.4 ಬಂದರೆ ಒಂದಿಷ್ಟು ಹೊಸ ಸೌಲಭ್ಯ, ಜತೆಗೆ ರಿಪೇರಿ. 14.4.1 ಎಂದು ಮೂರನೇ ಅಂಕಿ ಬಂದರೆ ಹೆಚ್ಚುಕಡಿಮೆ ಬರೀ ರಿಪೇರಿ. ವಿಂಡೋಸ್ 11ರಲ್ಲಿ 23ಎಚ್2, 24ಎಚ್2 ಎಂಬ ವಾರ್ಷಿಕ ಆವೃತ್ತಿಗಳಿವೆ. ತಿಂಗಳ ಅಪ್‌ಡೇಟ್ ಬಂದಾಗ ಅವುಗಳೊಳಗಿನ ಬಿಲ್ಡ್ ಸಂಖ್ಯೆಯ (ಆವೃತ್ತಿಯೊಳಗಿನ ಇನ್ನೂ ಸೂಕ್ಷ್ಮ ಸಂಖ್ಯೆ) ಬಾಲ ಮಾತ್ರ ಬದಲಾಗುತ್ತದೆ. ವಿಂಡೋಸ್, ಮ್ಯಾಕ್‌ನಂತೆಯೇ ಕಂಪ್ಯೂಟರ್ ನಡೆಸುವ ಉಬುಂಟುವಿನ ಕತೆಯೇ ಬೇರೆ. 24.04 ಇದ್ದದ್ದು 24.04.1 ಆಯಿತು ಅಂದರೆ, ಅಷ್ಟು ದಿನ ಬಿಡಿಬಿಡಿಯಾಗಿ ಬಂದ ಅಪ್‌ಡೇಟ್‌ಗಳನ್ನೆಲ್ಲ ಒಟ್ಟು ಕಟ್ಟಿದ್ದಾರೆ ಎಂದರ್ಥ. ಆಗಾಗ ಅಪ್‌ಡೇಟ್ ಮಾಡುತ್ತ ಬಂದವರ ಬಳಿ ಅದು ಆಗಲೇ ಇರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಣ್ಣ ಅಪ್‌ಡೇಟ್‌ನ ಜೀವಾಳ ಭದ್ರತೆಯ ತೂತು ಮುಚ್ಚುವುದು. ಮುಚ್ಚಿದ ದಿನವೇ ಕಂಪನಿ ಅದರ ಪಟ್ಟಿಯನ್ನೂ ಪ್ರಕಟಿಸುತ್ತದೆ. ಪ್ರತಿ ತೂತಿಗೂ ‘ಸಿವಿಇ’ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಆ ಪಟ್ಟಿಯನ್ನು ನಾವು ಓದುವುದಿಲ್ಲ, ಕಳ್ಳರು ಓದುತ್ತಾರೆ. ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಏನು ತಿದ್ದಿದ್ದಾರೆ ಎಂದು ಹುಡುಕುತ್ತಾರೆ. ತೂತು ಎಲ್ಲಿತ್ತು ಎಂಬುದು ಅಲ್ಲಿಗೆ ಗೊತ್ತಾಯಿತು. ಆಮೇಲೆ ಅಪ್‌ಡೇಟ್ ಹಾಕಿಕೊಳ್ಳದ ಕಂಪ್ಯೂಟರ್‌ಗಳನ್ನು ಹುಡುಕಿದರೆ ಸಾಕು. ಹಾಗಾಗಿ ಅಪ್‌ಡೇಟ್ ಬಂದ ಮೇಲೆ ಅದನ್ನು ಹಾಕಿಕೊಳ್ಳದವರಿಗೆ ಅಪಾಯ ಮೊದಲಿಗಿಂತ ಜಾಸ್ತಿ. ನಿಮ್ಮ ಎರಡು ವಾರ ನನಗೆ ಚಿಂತೆ ತರುವುದು ಇದಕ್ಕೇ.

2017ರಲ್ಲಿ ಆದದ್ದು ನೆನಪಿದೆಯಾ? ಆ ವರ್ಷ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ತೂತು ಮುಚ್ಚುವ ಅಪ್‌ಡೇಟ್ ಕೊಟ್ಟಿತು. ಮೇ 12ರಂದು ಅದೇ ತೂತಿನ ಮೂಲಕ ‘ವಾನ್ನಾಕ್ರೈ’ ನುಗ್ಗಿತು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಅದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳನ್ನು ಮುಂದೂಡಬೇಕಾಯಿತು. ಮದ್ದು ಎರಡು ತಿಂಗಳಿಂದ ಕೈಯಲ್ಲೇ ಇತ್ತು, ಅಲ್ವಾ? ಇದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ.

ನಿಧಾನವಾದ ವಿಷಯ. ಅದಕ್ಕೆ ಗಾಬರಿ ಬೇಡ. ರೀಸ್ಟಾರ್ಟ್ ಆದ ಮೇಲೂ ಕೆಲಸ ಮುಗಿದಿರುವುದಿಲ್ಲ. ಹುಡುಕಾಟಕ್ಕೆ ಬೇಕಾದ ಸೂಚಿಯನ್ನು ಕಂಪ್ಯೂಟರ್ ಮತ್ತೆ ಕಟ್ಟುತ್ತಿರಬಹುದು. ಕೆಲವು ಭಾಗಗಳನ್ನು ಹೊಸದಾಗಿ ಜೋಡಿಸಿಕೊಳ್ಳುತ್ತಿರಬಹುದು. ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಚಾರ್ಜರ್ ಹಾಕಿ ರಾತ್ರಿಯಿಡೀ ಆನ್ ಇಟ್ಟರೆ ಸಾಮಾನ್ಯವಾಗಿ ಬೆಳಿಗ್ಗೆಗೆ ಸರಿಹೋಗುತ್ತದೆ. ಎರಡು ಮೂರು ದಿನವಾದರೂ ಹಾಗೇ ಇದ್ದರೆ ಮಾತ್ರ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ತೆರೆದು ಯಾವ ಪ್ರೋಗ್ರಾಂ ಜಾಸ್ತಿ ತಿನ್ನುತ್ತಿದೆ ನೋಡಿ.

‘ಸಣ್ಣದು’ ಅನ್ನುವ ಅಪ್‌ಡೇಟ್ ಡೌನ್‌ಲೋಡ್‌ನಲ್ಲಿ ದೊಡ್ಡದಾಗಿರುವುದೂ ಸಹಜ. ವಿಂಡೋಸ್‌ನಲ್ಲಿ ಪ್ರತಿ ತಿಂಗಳ ಅಪ್‌ಡೇಟ್ ಒಳಗೆ ಹಿಂದಿನ ತಿಂಗಳುಗಳ ರಿಪೇರಿಯೂ ಸೇರಿರುತ್ತದೆ. ಇದರಿಂದ ಒಂದು ಒಳ್ಳೆಯದಿದೆ. ಕೆಲವು ತಿಂಗಳು ತಪ್ಪಿಸಿಕೊಂಡವರೂ ಇತ್ತೀಚಿನದೊಂದನ್ನು ಹಾಕಿಕೊಂಡರೆ ಸಾಕು. ಮ್ಯಾಕ್‌ನಲ್ಲಿ 2020ರ ‘ಬಿಗ್ ಸರ್’ ಆವೃತ್ತಿಯಿಂದ ಸಿಸ್ಟಂ ಭಾಗಕ್ಕೆ, ಯಾರೂ ಗುಟ್ಟಾಗಿ ತಿದ್ದದಂತೆ, ಪೂರ್ತಿ ಮೊಹರು ಬಿದ್ದಿರುತ್ತದೆ. ಒಂದೇ ಫೈಲ್ ಬದಲಾದರೂ ಮೊಹರು ಹೊಸದಾಗಿ ಬೀಳಬೇಕು, ಆಮೇಲೆ ರೀಸ್ಟಾರ್ಟ್ ಆಗಬೇಕು.

ಕೆಡುವುದೇ ಇಲ್ಲ ಎಂದು ಹೇಳಲಾರೆ. 2024ರ ಮಾರ್ಚ್‌ನಲ್ಲಿ ಬಂದ ಮ್ಯಾಕ್ 14.4ರಲ್ಲಿ ಜಾವಾ ಬಳಸುವ ಕೆಲವು ಪ್ರೋಗ್ರಾಂಗಳು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತಿದ್ದವು. ಕೆಲವು ಮಾನಿಟರ್‌ಗಳಿಗೆ ಹಾಕಿದ ಯುಎಸ್‌ಬಿ ಹಬ್‌ಗಳು ಕೆಲಸ ಮಾಡಲಿಲ್ಲ. ಮೂರು ವಾರದೊಳಗೆ 14.4.1 ಬಂದು ಎರಡನ್ನೂ ಸರಿಮಾಡಿತು. ಅದೇ ವರ್ಷ ಜುಲೈನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಯಂತ್ರಗಳು ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್‌ನ ರಿಕವರಿ ಕೀ ಕೇಳುತ್ತ ನಿಂತುಬಿಟ್ಟವು. ಈ ಕೀ ಎಂದರೆ 48 ಅಂಕಿಗಳ ಸಂಖ್ಯೆ. ಅದಿಲ್ಲದಿದ್ದರೆ ಡಿಸ್ಕ್ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗುವವರಿಗೆ ಅದು ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಇರುತ್ತದೆ. ಇವತ್ತೇ ಹುಡುಕಿ ಒಂದು ಕಾಗದದಲ್ಲಿ ಬರೆದಿಡಿ. ದಯವಿಟ್ಟು ಅದೇ ಲ್ಯಾಪ್‌ಟಾಪ್‌ನ ಫೈಲ್‌ನಲ್ಲಿ ಮಾತ್ರ ಇಡಬೇಡಿ. ಬೇಕಾದ ಹೊತ್ತಿಗೆ ಆ ಫೈಲೂ ಬೀಗದೊಳಗೇ ಇರುತ್ತದೆ.

ಹಾಗಾದರೆ ಯಾವಾಗ ಹಾಕಿಕೊಳ್ಳಬೇಕು? ಮನೆಬಳಕೆಯ ಕಂಪ್ಯೂಟರ್ ಆದರೆ ಬಂದ ಮೂರು ನಾಲ್ಕು ದಿನದೊಳಗೆ. ‘ಈ ತೂತನ್ನು ಆಗಲೇ ದಾಳಿಗೆ ಬಳಸಲಾಗಿದೆ’ ಎಂದು ಕಂಪನಿಯೇ ಹೇಳಿದ್ದರೆ ಅದೇ ದಿನ. ಹೊಟ್ಟೆಪಾಡಿನ ಕೆಲಸಕ್ಕೆ ಒಂದು ವಿಶೇಷ ಸ್ಕ್ಯಾನರ್ ಅಥವಾ ಸೌಂಡ್ ರೆಕಾರ್ಡಿಂಗ್ ಉಪಕರಣ ನೆಚ್ಚಿಕೊಂಡವರು ಒಂದು ವಾರ ಕಾಯಲಿ, ಆ ಉಪಕರಣ ಮಾಡಿದವರು ಏನಾದರೂ ಎಚ್ಚರಿಕೆ ಕೊಟ್ಟಿದ್ದಾರಾ ನೋಡಲಿ. ಅದಕ್ಕಿಂತ ಹೆಚ್ಚು ಕಾಯುವುದು ನನಗೆ ಸರಿ ಕಾಣುವುದಿಲ್ಲ. ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತದೆ. ತಿಂಗಳ ಕೊನೆಯ ಕಡೆಗೆ ‘ಪ್ರಿವ್ಯೂ’ ಎಂಬ ಹೆಸರಿನದೊಂದು ಬರುವುದುಂಟು. ಅದು ಐಚ್ಛಿಕ, ಸುಮ್ನೆ ಬಿಟ್ಟುಬಿಡಿ. ಅದರಲ್ಲಿರುವ ರಿಪೇರಿ ಮುಂದಿನ ತಿಂಗಳ ಅಪ್‌ಡೇಟ್‌ನಲ್ಲಿ ಹೇಗೂ ಬರುತ್ತದೆ.

ಮುಖ್ಯ ಫೈಲ್‌ಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲಿ, ಚಾರ್ಜರ್ ಹಾಕಿರಲಿ. ವಿಂಡೋಸ್‌ನಲ್ಲಿ ತೊಂದರೆಯಾದರೆ ಸೆಟ್ಟಿಂಗ್ಸ್‌ನಲ್ಲಿ ‘ಅಪ್‌ಡೇಟ್ ಹಿಸ್ಟರಿ’ಗೆ ಹೋಗಿ ಸಾಮಾನ್ಯವಾಗಿ ಆ ತಿಂಗಳದ್ದನ್ನು ತೆಗೆಯಬಹುದು. ಮ್ಯಾಕ್‌ನಲ್ಲಿ ಅಷ್ಟು ಸುಲಭದ ಹಿಂದಿನ ದಾರಿ ಇಲ್ಲ. ಅಲ್ಲಿ ಬ್ಯಾಕಪ್ ಇನ್ನೂ ಮುಖ್ಯ.

ಪ್ರಶ್ನೆ: ಅಪ್‌ಡೇಟ್ ಒಂದೇ ಶೇಕಡಾ ಅಂಕಿಯಲ್ಲಿ ಗಂಟೆಗಟ್ಟಲೆ ನಿಂತರೆ ಪವರ್ ಬಟನ್ ಒತ್ತಿ ಆಫ್ ಮಾಡಬಹುದಾ?

ಉತ್ತರ: ತಕ್ಷಣ ಬೇಡ. ಆ ಅಂಕಿ ಸಮಯದ ಅಳತೆಯಲ್ಲ, ಮುಗಿದ ಹಂತಗಳ ಲೆಕ್ಕ. ಒಂದು ಹಂತ ಕ್ಷಣದಲ್ಲಿ ಮುಗಿಯುತ್ತದೆ, ಇನ್ನೊಂದು ಅರ್ಧ ಗಂಟೆ ಎಳೆಯುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಜಾಸ್ತಿ. ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ ಕೆಲಸ ನಡೆದಿದೆ, ಬಿಡಿ. ಮೂರು ಗಂಟೆಯಾದರೂ ಅಂಕಿ ಕದಲದೆ, ದೀಪವೂ ಮಿನುಗದೆ ಇದ್ದರೆ ಮಾತ್ರ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ವಿಂಡೋಸ್ ಸಾಮಾನ್ಯವಾಗಿ ಅರ್ಧ ಆದದ್ದನ್ನು ಬಿಟ್ಟು ಹಿಂದಿನ ಸ್ಥಿತಿಗೆ ಮರಳುತ್ತದೆ. ಮರಳುವುದಕ್ಕೂ ಹೊತ್ತು ಬೇಕು. ಆಗ ಇನ್ನೊಮ್ಮೆ ಬಟನ್ ಒತ್ತಬೇಡಿ, ಕೆಡುವ ಸಾಧ್ಯತೆ ಜಾಸ್ತಿ ಇರುವುದು ಅಲ್ಲೇ.

ಪ್ರಶ್ನೆ: ನನ್ನ ಕಂಪ್ಯೂಟರ್ ಅಪ್‌ಡೇಟ್ ಕೇಳುವುದನ್ನೇ ನಿಲ್ಲಿಸಿದೆ. ಎಲ್ಲ ಸರಿಯಾಗಿದೆ ಎಂದುಕೊಳ್ಳಲಾ?

ಉತ್ತರ: ಹಾಗೆಂದುಕೊಳ್ಳಬೇಡಿ. ಯಾರೋ ಅಪ್‌ಡೇಟ್ ಅನ್ನು ತಡೆಹಿಡಿದಿರಬಹುದು, ಇಲ್ಲವೇ ನಿಮ್ಮ ಆವೃತ್ತಿಯ ಕಾಲವೇ ಮುಗಿದಿರಬಹುದು. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಹೆಚ್ಚುವರಿ ಭದ್ರತಾ ಯೋಜನೆಗೆ ಸೇರದ ಯಂತ್ರಗಳಿಗೆ ಆಮೇಲೆ ಸಿಕ್ಕ ತೂತುಗಳು ತೆರೆದೇ ಇವೆ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆದು ಆವೃತ್ತಿ ನೋಡಿ, ಆ ಕಂಪನಿಯ ತಾಣದಲ್ಲಿ ಅದಕ್ಕೆ ಬೆಂಬಲ ಎಲ್ಲಿಯವರೆಗಿದೆ ಎಂದು ಹುಡುಕಿ. ಕಾಲ ಮುಗಿದಿದ್ದರೆ, ಹೊಸ ಆವೃತ್ತಿಗೆ ಹೋಗುವವರೆಗಾದರೂ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.