ಗೊಬ್ಬರದ ತೊಟ್ಟಿ ನಾರುವುದೇಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 40 ಮನೆಗಳಿವೆ. ಹಸಿ ಕಸವನ್ನು ನಾವೇ ಗೊಬ್ಬರ ಮಾಡುತ್ತೇವೆ. ಮಳೆ ಶುರುವಾದಾಗಿನಿಂದ ತೊಟ್ಟಿ ಗಬ್ಬು ನಾರುತ್ತಿದೆ, ಹುಳುವೂ ಆಗಿದೆ. ಒಣ ಕಸವನ್ನೂ ಸರಿಯಿಲ್ಲವೆಂದು ವಾಪಸ್ ಕಳಿಸುತ್ತಾರೆ. ಏನು ಮಾಡೋಣ?

ಉತ್ತರ: ನೀರು ಹೆಚ್ಚಾಗಿ ಒಳಗೆ ಗಾಳಿಯಾಡದಿದ್ದರೆ ಕಸ ಕೊಳೆತು ನಾರುತ್ತದೆ. ತೊಟ್ಟಿಯ ನಡುವಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಒಂದೆರಡು ಹನಿ ಜಿನುಗಿದರೆ ಹದ ಸರಿ. ಬೆರಳ ಸಂದಿಯಿಂದ ನೀರು ಇಳಿದರೆ ಎಲ್ಲವನ್ನೂ ಹೊರಗೆ ಸುರಿದು, ಪುಡಿ ಮಾಡಿದ ಒಣ ಎಲೆ ಬೆರೆಸಿ ಮತ್ತೆ ತುಂಬಿ. ಮುಂದೆ ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಎಲೆ ಹಾಕಿ, ಮೂರು ದಿನಕ್ಕೊಮ್ಮೆ ತಿರುವಿ. ಉಳಿದ ಸಾರು, ಮಜ್ಜಿಗೆ ಖಂಡಿತ ಬೇಡ. ಮಳೆಗಾಲಕ್ಕೆ ಬೇಕಾದ ಎಲೆಯನ್ನು ಮರಗಳು ಉದುರಿಸುವ ಜನವರಿ, ಫೆಬ್ರವರಿಯಲ್ಲೇ ಚೀಲಗಳಲ್ಲಿ ತುಂಬಿಡಬೇಕು. ಬಹಳಷ್ಟು ಕಡೆ ಎಡವುವುದು ಇಲ್ಲೇ. ಹುಳುಗಳು ಕಂದು ಬಣ್ಣದ, ದಪ್ಪ, ಚಪ್ಪಟೆ ಮೈಯವಾದರೆ ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಸವನ್ನೇ ತಿಂದು ಕರಗಿಸುತ್ತವೆ, ದಯವಿಟ್ಟು ಕೊಲ್ಲಬೇಡಿ.

ಒಣ ಕಸ ವಾಪಸ್ ಬರಲು ಸಾಮಾನ್ಯ ಕಾರಣ ತೊಳೆಯದ ಪ್ಯಾಕೆಟ್. ಒಂದೇ ಮೊಸರಿನ ಪ್ಯಾಕೆಟ್ ಸೋರಿದರೆ ಚೀಲದ ಕಾಗದವೆಲ್ಲ ಕೆಡುತ್ತದೆ, ಒದ್ದೆ ಕಾಗದವನ್ನು ಗುಜರಿಯವರೂ ಕೊಳ್ಳುವುದಿಲ್ಲ. ತೊಳೆದು, ಒಣಗಿಸಿ ಹಾಕಿ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಇರಲು ಬಿಡಿ. ಕತ್ತರಿಸಿ ಬೇರೆಯಾದ ಚೂರು ವಿಂಗಡಿಸುವವರ ಕೈಗೆ ಸಿಗುವುದೇ ಇಲ್ಲ. ಡೈಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಡಬ್ಬಿಗೆ ಹಾಕಿ. 2015ರಲ್ಲಿ ಹೈಕೋರ್ಟ್ ಆದೇಶಿಸಿದ ‘ಎರಡು ಡಬ್ಬಿ, ಒಂದು ಚೀಲ’ ಕ್ರಮವೂ ಇದೇ: ಹಸಿ ಕಸಕ್ಕೊಂದು ಡಬ್ಬಿ, ಡೈಪರ್‌ನಂಥವಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ.