ಮೊದಲು ಸಿಕ್ಕ ಚಿತ್ರವನ್ನೇ ಪಾಠಕ್ಕೆ ಒಯ್ಯಬೇಡಿ

ಪ್ರಶ್ನೆ: ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರೊಜೆಕ್ಟರ್ ಬಂದ ಮೇಲೆ ದಿನಾ ಏನಾದರೂ ಚಿತ್ರ, ವಿಡಿಯೋ ತೋರಿಸುತ್ತೇನೆ. ಮಕ್ಕಳು ಖುಷಿಯಿಂದ ನೋಡುತ್ತಾರೆ, ಮಾರನೇ ದಿನ ಕೇಳಿದರೆ ಏನೂ ನೆನಪಿರುವುದಿಲ್ಲ. ಹುಡುಕುವುದಕ್ಕೇ ರಾತ್ರಿ ಒಂದು ಗಂಟೆ ಹೋಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಟೀಚರ್, ನನಗೂ ಹೀಗೇ ಆಗಿತ್ತು. ಋತುಗಳ ಪಾಠ. ಹಿಂದಿನ ರಾತ್ರಿ ಗೂಗಲ್‌ನಲ್ಲಿ ‘ಋತುಗಳು’ ಅಂತ ಟೈಪ್ ಮಾಡಿ, ಮೊದಲು ಕಂಡ ಬಣ್ಣದ ಚಿತ್ರವನ್ನೇ ಇಳಿಸಿಕೊಂಡು ಹೋಗಿದ್ದೆ. ನಡುವೆ ಸೂರ್ಯ, ಸುತ್ತ ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದ ದಾರಿ, ಅದರ ಮೇಲೆ ನಾಲ್ಕು ಕಡೆ ಭೂಮಿ. ಪಾಠ ಮುಗಿದಾಗ ಒಬ್ಬಳು ಎದ್ದು, “ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ, ಅಲ್ವಾ ಮಿಸ್?” ಅಂದಳು. ನಾನು ಹಾಗೆ ಹೇಳಿರಲೇ ಇಲ್ಲ. ಆದರೆ ಆ ಚಿತ್ರ ನೋಡಿದ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ನಿಜ ಏನೆಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದ ಆಸುಪಾಸಿನಲ್ಲಿ, ಸುಮಾರು 14 ಕೋಟಿ 70 ಲಕ್ಷ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದ ಹೊತ್ತಿಗೆ, ಸುಮಾರು 15 ಕೋಟಿ 20 ಲಕ್ಷ. ದಾರಿ ಹೆಚ್ಚುಕಮ್ಮಿ ವೃತ್ತವೇ. ಓರೆಯಾಗಿ ನೋಡಿದ ಹಾಗೆ ಬರೆಯುವುದರಿಂದ ಚಿತ್ರದಲ್ಲಿ ಉದ್ದವಾಗಿ ಕಾಣುತ್ತದೆ, ಅಷ್ಟೇ. ಋತು ಬದಲಾಗುವುದು ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ.

ಮಾರನೇ ದಿನ ಅದೇ ಚಿತ್ರ ಮತ್ತೆ ಹಾಕಿ, ಸೂರ್ಯನಿಂದ ನಾಲ್ಕೂ ಭೂಮಿಗೆ ಎಷ್ಟು ದೂರ ಅಳೆಯಿರಿ ಅಂದೆ. ಇಬ್ಬರು ಉದ್ದದ ಸ್ಕೇಲ್ ಹಿಡಿದು ಪರದೆಯ ಹತ್ತಿರ ಹೋದರು. ಒಂದು ಕಡೆಯ ದೂರ ಇನ್ನೊಂದು ಕಡೆಯದ್ದಕ್ಕಿಂತ ಎರಡರಷ್ಟು ಬಂತು. ಆಮೇಲೆ ನಿಜವಾದ ಅಂಕಿ ಬೋರ್ಡಿನ ಮೇಲೆ ಬರೆದೆ. “ಹಾಗಾದ್ರೆ ಚಿತ್ರ ತಪ್ಪಾ?” ಅಂತ ಶುರುವಾಯಿತು ನೋಡಿ, ಬೆಲ್ ಹೊಡೆದರೂ ನಿಲ್ಲಲಿಲ್ಲ.

ಹಾಗಾಗಿ ಹುಡುಕಲು ಕೂರುವ ಮೊದಲು, ನಾಳೆ ಮಕ್ಕಳಿಗೆ ಕೇಳುವ ಒಂದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಳ್ಳಿ. ‘ಋತುಗಳು’ ಅಂತ ಹುಡುಕಿದರೆ ಸಾವಿರ ಚಿತ್ರ ಬರುತ್ತವೆ, ‘ಭೂಮಿ ಸೂರ್ಯನಿಗೆ ಹತ್ತಿರ ಇದ್ದಾಗ ಬೇಸಿಗೆಯಾ’ ಅಂತ ಹುಡುಕಿದರೆ ಬೇಕಾದ್ದು ಬೇಗ ಸಿಗುತ್ತದೆ. ಕನ್ನಡದಲ್ಲೂ ಹುಡುಕಿ, ಇಂಗ್ಲಿಷಿನಲ್ಲೂ ಹುಡುಕಿ, ಬರುವ ಫಲಿತಾಂಶ ಬೇರೆ ಬೇರೆ. ಪದಗಳು ಅದೇ ಕ್ರಮದಲ್ಲಿ ಬೇಕಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಬೇಡದ ಪದಕ್ಕಿಂತ ಮೊದಲು, ಜಾಗ ಬಿಡದೆ, ಮೈನಸ್ ಹಾಕಿ. ಒಂದೇ ವೆಬ್‌ಸೈಟಿನೊಳಗೆ ಹುಡುಕಬೇಕಾ, ಇಂಗ್ಲಿಷಿನಲ್ಲಿ ‘ಸೈಟ್’ ಅಂತ ಬರೆದು ಕೋಲನ್ ಇಟ್ಟು ಅದರ ವಿಳಾಸ ಸೇರಿಸಿ. ಈಗ ಎಲ್ಲಕ್ಕಿಂತ ಮೇಲೆ ಎಐ ಬರೆದ ಸಾರಾಂಶ ಬರುತ್ತದಲ್ಲ, ಅಲ್ಲಿಗೇ ನಿಲ್ಲಬೇಡಿ, ಕೆಳಗಿನ ಲಿಂಕ್ ತೆರೆದು ಓದಿ.

ವಿಡಿಯೋ ಎರಡು ಮೂರು ನಿಮಿಷ ಸಾಕು. ಯೂಟ್ಯೂಬ್‌ನಲ್ಲಿ ಹಂಚುವ ಲಿಂಕ್ ಯಾವ ಕ್ಷಣದಿಂದ ಶುರುವಾಗಬೇಕು ಅಂತ ಮೊದಲೇ ಹೇಳಬಹುದು, ಅದನ್ನು ಬಳಸಿ. ಮೊದಲ ಸಲ ಶಬ್ದ ಇಲ್ಲದೆ ಹಾಕಿ, ನಡುವೆ ನಿಲ್ಲಿಸಿ, “ಮುಂದೆ ಏನಾಗಬಹುದು?” ಕೇಳಿ. ಉತ್ತರ ಬರೆದುಕೊಂಡ ಮೇಲೆ ಉಳಿದದ್ದು ತೋರಿಸಿ. ತಾನು ಹೇಳಿದ್ದು ಸರಿಯಾಯಿತೋ ಇಲ್ಲವೋ ಅಂತ ಕಾದು ನೋಡಿದ ಮಗುವಿಗೆ ಮಾರನೇ ದಿನವೂ ನೆನಪಿರುತ್ತದೆ. ಸಿಕ್ಕ ಒಳ್ಳೆಯ ಲಿಂಕುಗಳನ್ನು ಪಾಠದ ಹೆಸರಿನಲ್ಲಿ ಒಂದು ಫೈಲಿನಲ್ಲಿ ಬರೆದಿಡಿ, ಮುಂದಿನ ವರ್ಷ ಆ ಒಂದು ಗಂಟೆ ಉಳಿಯುತ್ತದೆ.

ಪ್ರಶ್ನೆ: ನೆಟ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಇದ್ದಾಗ ಬೇಡದ ಜಾಹೀರಾತು. ಇನ್ನು ಸಿಕ್ಕ ಚಿತ್ರಗಳನ್ನೆಲ್ಲ ಹಾಳೆಯಲ್ಲಿ ಹಾಕಿ ಹಂಚಬಹುದಾ?

ಉತ್ತರ: ಮೇಷ್ಟ್ರೇ, ಮಕ್ಕಳ ಮುಂದೆ ಲೈವ್ ಆಗಿ ಹುಡುಕುವುದಾದರೆ ಹಿಂದಿನ ದಿನ ಅದೇ ಪದ ಟೈಪ್ ಮಾಡಿ ನೋಡಿಕೊಳ್ಳಿ, ಮಕ್ಕಳು ನೋಡಬಾರದ್ದನ್ನು ಸೋಸುವ ಗೂಗಲ್‌ನ ಸೇಫ್‌ಸರ್ಚ್ ಆನ್ ಮಾಡಿ, ಯೂಟ್ಯೂಬ್‌ನ ಆಟೋಪ್ಲೇ ಆಫ್ ಮಾಡಿ. ನೆಟ್ ನಂಬಲಾಗದಿದ್ದರೆ ಫೆಟ್ ಸಿಮ್ಯುಲೇಶನ್‌ಗಳನ್ನು, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳನ್ನು, ಇಳಿಸಿಟ್ಟುಕೊಳ್ಳಿ. ಕೊಲರಾಡೋ ಬೋಲ್ಡರ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಉಚಿತ. ಬಲ್ಬು, ಬ್ಯಾಟರಿ, ತಂತಿ ಎಳೆದು ಮಕ್ಕಳೇ ಸರ್ಕಿಟ್ ಜೋಡಿಸಬಹುದು, ಒಮ್ಮೆ ಇಳಿಸಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ವಿಕಿಪೀಡಿಯಾವನ್ನು ನೆಟ್ ಇಲ್ಲದೆ ಓದಲು ಕಿವಿಕ್ಸ್ ಎಂಬ ಆ್ಯಪ್ ಇದೆ.

ಗೂಗಲ್‌ನಲ್ಲಿ ಕಂಡಿದ್ದೆಲ್ಲ ಎಲ್ಲರಿಗೂ ಸೇರಿದ್ದಲ್ಲ, ಯಾರೋ ಕೂತು ಬರೆದದ್ದು, ಕ್ಯಾಮೆರಾ ಹೊತ್ತು ತೆಗೆದದ್ದು. ಬಳಸಲು ಅನುಮತಿ ಇರುವ ಚಿತ್ರಗಳ ಸಂಗ್ರಹ ವಿಕಿಮೀಡಿಯಾ ಕಾಮನ್ಸ್‌ಗೆ ಹೋಗಿ. ಪ್ರತಿ ಚಿತ್ರದ ಪುಟದಲ್ಲೂ ಯಾರದ್ದು, ಹೇಗೆ ಬಳಸಬಹುದು ಅಂತ ಬರೆದಿರುತ್ತದೆ. ಹಾಳೆಯ ಕೆಳಗೆ ಆ ಹೆಸರು ಹಾಕಿ. ನೀವು ಹಾಕಿದರೆ ಮಕ್ಕಳೂ ಹಾಕಲು ಕಲಿಯುತ್ತಾರೆ.

ಪ್ರಶ್ನೆ: ಪ್ರಾಜೆಕ್ಟ್ ಕೊಟ್ಟರೆ ಎಲ್ಲರೂ ವಿಕಿಪೀಡಿಯಾದ ಒಂದೇ ಪುಟ ನಕಲು ಮಾಡಿ ತರುತ್ತಾರೆ. ನೆಟ್ ಬಳಸಬೇಡಿ ಅನ್ನಲಾ?

ಉತ್ತರ: ದಯವಿಟ್ಟು ಹಾಗನ್ನಬೇಡಿ. ‘ನೈಲ್ ನದಿಯ ಬಗ್ಗೆ ಬರೆಯಿರಿ’ ಅಂದರೆ ನಕಲೇ ಬರುತ್ತದೆ, ಮಕ್ಕಳನ್ನು ಬೈದು ಏನು ಪ್ರಯೋಜನ? ನೈಲ್ ಉದ್ದ ಎಷ್ಟು ಅಂತ ಕೇಳಿ. ಒಂದು ಕಡೆ 6,650 ಕಿಲೋಮೀಟರ್, ಇನ್ನೊಂದು ಕಡೆ 6,695 ಸಿಗುತ್ತದೆ. ಯಾಕೆ ಹೀಗೆ, ಯಾವುದನ್ನು ನಂಬುತ್ತೀಯ, ಯಾಕೆ ನಂಬುತ್ತೀಯ? ನದಿ ಎಲ್ಲಿಂದ ಶುರು ಅಂತ ಲೆಕ್ಕ ಹಿಡಿಯುತ್ತೇವೆ, ತಿರುವುಗಳನ್ನು ಹೇಗೆ ಅಳೆಯುತ್ತೇವೆ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ ಅನ್ನೋದು ಹುಡುಕುತ್ತಾ ಹೋದ ಹಾಗೆ ಅವರಿಗೇ ಸಿಗುತ್ತದೆ. ಬೇರೆಯವರ ಉತ್ತರ ನಕಲು ಮಾಡಿದವನಿಗೆ, ನೀವು ಎದುರಿಗೆ ಕೂರಿಸಿ “ಯಾಕೆ” ಅಂದಾಗ ಕಷ್ಟವಾಗುತ್ತದೆ.

ಇನ್ನೊಂದು ಅಭ್ಯಾಸ ಮಾಡಿಸಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಗಮನಿಸಿದ ಹಾಗೆ, ಸುದ್ದಿ ನಿಜವೋ ಸುಳ್ಳೋ ಅಂತ ಪರೀಕ್ಷಿಸುವ ವೃತ್ತಿಪರರು ಗೊತ್ತಿಲ್ಲದ ವೆಬ್‌ಸೈಟನ್ನು ಮೇಲಿಂದ ಕೆಳಗೆ ಓದುತ್ತಾ ಕೂರುವುದಿಲ್ಲ, ಬೇಗನೆ ಹೊಸ ಟ್ಯಾಬ್ ತೆರೆದು ಈ ಸೈಟಿನ ಬಗ್ಗೆ ಬೇರೆಯವರು ಏನನ್ನುತ್ತಾರೆ ಅಂತ ಹುಡುಕುತ್ತಾರೆ. ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ 1998ರಿಂದ ಒಂದು ಸುಳ್ಳು ವೆಬ್‌ಸೈಟ್ ಇದೆ, ಫೋಟೋ ಸಮೇತ, ನೋಡಲು ತುಂಬಾ ನಂಬುವ ಹಾಗಿದೆ. ಅದನ್ನು ತೋರಿಸಿ, ಏನೂ ಹೇಳದೆ ಹತ್ತು ನಿಮಿಷ ಕೊಡಿ. ಯಾರು ಮೊದಲು ಇನ್ನೊಂದು ಟ್ಯಾಬ್ ತೆರೆಯುತ್ತಾರೆ ಅಂತ ಹಿಂದೆ ನಿಂತು ನೋಡಿ.