ಮೊದಲು 6, ಆಮೇಲೆ 31

ಹಮಾಲಿ ಕೆಲಸ ಮಾಡುವ 24 ವರ್ಷದ ಹುಡುಗ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು 'ತಮ್ಮ' ಅನ್ನುತ್ತೇನೆ. ಎದುರಿಗೂ ನಾನು ಕರೆದದ್ದು ಹಾಗೇ.

ಜೇಬಿನಲ್ಲಿ ಸುಮಾರು 60 ಗ್ರಾಂ ಗಾಂಜಾ ಸಿಕ್ಕಿ ಕೇಸಾಗಿತ್ತು. ಮೂತ್ರ ಪರೀಕ್ಷೆಯೂ ಪಾಸಿಟಿವ್. ಜಾಮೀನುದಾರರು ಸಿಗುವುದು ತಡವಾಗಿ ನಾಲ್ಕು ದಿನ ಜೈಲಿನಲ್ಲಿದ್ದು ಬಂದಿದ್ದ. ವಕೀಲರು ಅವನನ್ನು ತಾಯಿಯ ಜೊತೆ ನಮ್ಮ ಸರ್ಕಾರಿ ಆಸ್ಪತ್ರೆಗೆ ಕಳಿಸಿದ್ದರು. ಅಲ್ಲಿ ನಾನು ಇಂಥವರನ್ನು ಮಾತಾಡಿಸಿ ವರದಿ ಬರೆಯುವವಳು, ಡಾಕ್ಟರಲ್ಲ. ಫೋನಿನಲ್ಲಿ ಅವರು ಕೇಳಿದ್ದು ಒಂದೇ: "ಮೇಡಂ, ಅಡಿಕ್ಟ್ ಅಂತ ಒಂದು ಲೆಟರ್ ಕೊಡಿ. ಸ್ವಲ್ಪ ಜಾಸ್ತೀನೇ ಬರೀರಿ."

ಹಾಗೆ ಕೇಳಲು ಕಾರಣವಿದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಸೇವನೆಯ ಕೇಸು, ಇಲ್ಲವೇ ಸಣ್ಣ ಪ್ರಮಾಣದ ಕೇಸು ಇರುವ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ತಗೊಂಡರೆ ಆ ಕೇಸಿನಿಂದ ರಕ್ಷಣೆ ಸಿಗುತ್ತದೆ. ಗಾಂಜಾಕ್ಕೆ ಸಣ್ಣ ಪ್ರಮಾಣವೆಂದರೆ 1 ಕೆಜಿವರೆಗೆ. ಆದರೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ವಾಪಸ್ ಪಡೆಯಬಹುದು. ಇದನ್ನು ಬಹಳ ಜನ ಮರೆಯುತ್ತಾರೆ.

ಆ ದಿನ ಓಪಿಡಿಯಲ್ಲಿ ಸರದಿ ಉದ್ದ ಇತ್ತು. ಆತುರದಲ್ಲಿ ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಪ್ರಶ್ನೆ ಶುರು ಮಾಡಿದೆ. ಅದು ನನ್ನ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ 'ಅಸಿಸ್ಟ್' ಪ್ರಶ್ನಾವಳಿ ನಮ್ಮಲ್ಲಿ ಬಳಕೆಯಲ್ಲಿದೆ. ತಂಬಾಕು, ಕುಡಿತ, ಗಾಂಜಾ ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ. 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಹೆಚ್ಚು. ತಮ್ಮನ ಅಂಕ ಗಾಂಜಾಕ್ಕೆ 9, ಕುಡಿತಕ್ಕೆ ಬರೀ 6. ಹಬ್ಬ ಹರಿದಿನಕ್ಕೆ ಕುಡಿಯುವವನ ಅಂಕ ಅದು.

ಅಷ್ಟರಲ್ಲಿ ಚಹಾ ಬಂತು. ಪೇಪರ್ ಕಪ್ಪನ್ನು ಅವನು ಎರಡೂ ಕೈಯಲ್ಲಿ ಹಿಡಿದ. ಆದರೂ ಚಹಾ ತುಳುಕಿ ಪ್ಯಾಂಟಿನ ಮೇಲೆ ಚೆಲ್ಲಿತು. ಬೆಳಿಗ್ಗೆ 11 ಗಂಟೆ, ಫ್ಯಾನಿನ ಕೆಳಗೆ ಕೂತಿದ್ದಾನೆ, ಹಣೆಯಲ್ಲಿ ಬೆವರು. ತಾಯಿಯನ್ನು ಹೊರಗೆ ಕೂರಲು ಹೇಳಿ ಪೆನ್ನು ಕೆಳಗಿಟ್ಟೆ.

"ಬೆಳಿಗ್ಗೆಯಿಂದ ಏನೂ ಹಾಕಿಲ್ವಾ ತಮ್ಮಾ?"

"ಇಲ್ಲ ಮೇಡಂ. ಅವ್ವ ಜೊತೆಗೇ ಬಂದ್ಲು."

ಮೊದಲೇ ಹೇಳಬೇಕಾಗಿದ್ದನ್ನು ಆಗ ಹೇಳಿದೆ. ಲೆಟರಿನಲ್ಲಿ ಏನು ಹೋಗುತ್ತದೆ ಅನ್ನುವುದನ್ನು ಓದಿ ತಿಳಿಸಿ, ನೀನು ಒಪ್ಪಿ ಸಹಿ ಮಾಡಿದ ಮೇಲೇ ಕಳಿಸುತ್ತೇನೆ. ಗಾಂಜಾ ಸೊಪ್ಪು ಯಾರು ಕೊಟ್ಟರು ಅಂತ ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ನನಗೆ ಬೇಕಾಗಿರುವುದು ನಿನ್ನ ದೇಹ ಎಷ್ಟು ಅದಕ್ಕೆ ಅಂಟಿಕೊಂಡಿದೆ ಅನ್ನುವುದಷ್ಟೇ.

ಎರಡನೇ ಸಲ ಕೇಳಿದಾಗ ಗಾಂಜಾ 29, ಕುಡಿತ 31. ಎದ್ದ ಕೂಡಲೇ 90 ಎಂಎಲ್ ಮದ್ಯದ ಪ್ಯಾಕೆಟ್ ಒಂದು ಬೇಕು, ಇಲ್ಲದಿದ್ದರೆ ಮೂಟೆ ಎತ್ತಲು ಕೈ ನಿಲ್ಲುವುದಿಲ್ಲ. ಜೈಲಿನಲ್ಲಿ ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿದ ಹಾಗೆ ಕಂಡಿತಂತೆ, ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಕೇಳಿತಂತೆ. ಮನೆಗೆ ಬಂದು ಹೇಳಿದಾಗ ತಾಯಿ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದ್ದಳು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಎರಡು ಮೂರು ದಿನಕ್ಕೆ ಹೀಗಾಗಬಹುದು. ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಹುಡುಗ ಬದುಕಿ ಬಂದದ್ದೇ ದೊಡ್ಡದು.

ವಕೀಲರಿಗೆ ಫೋನ್ ಮಾಡಿದೆ. ಜಾಸ್ತಿ ಬರೆಯುವ ಅಗತ್ಯವೇ ಇಲ್ಲ, ಇರುವುದೇ ಸಾಕಷ್ಟಿದೆ ಸರ್ ಅಂದೆ. ಅವನಿಗೆ ವ್ಯಸನ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸಿ ಬರೆಯಬೇಕಾದವರು ಮನೋವೈದ್ಯರು. ನಾನು ಬರೆದದ್ದು ಕಂಡದ್ದು, ಕೇಳಿದ್ದು, ಎರಡು ಸಲದ ಅಂಕ, ಮತ್ತು ಯಾಕೆ ವ್ಯತ್ಯಾಸ ಬಂತು ಅನ್ನುವುದು. ಎನ್‌ಡಿಪಿಎಸ್ ಕಾಯ್ದೆಗೆ ಕುಡಿತ ಲೆಕ್ಕವಿಲ್ಲ. ಆದರೆ ಮೊದಲು ಕೊಲ್ಲುವುದು ಅದೇ ಆಗಿತ್ತು. ಹಾಗಾಗಿ ಚಿಕಿತ್ಸೆ ಅಲ್ಲಿಂದಲೇ ಶುರುವಾಗಬೇಕಿತ್ತು.

ತಮ್ಮನಿಗೆ ಹೇಳಿದ್ದು: ಮನೆಯಲ್ಲಿ ನೀನೇ ಹಠ ಮಾಡಿ ಕುಡಿತ ಬಿಡಬೇಡ. ಇವತ್ತೇ ಅಡ್ಮಿಟ್ ಆಗು. ನಡುಕ ತಡೆಯುವ ಮಾತ್ರೆಯನ್ನು ಡಾಕ್ಟರು ದಿನದಿನಕ್ಕೆ ಇಳಿಸುತ್ತಾ ಬರುತ್ತಾರೆ, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ಫಾಲೋಅಪ್ ತಪ್ಪಿಸಬೇಡ. ಮಧ್ಯೆ ಒಂದು ದಿನ ಜಾರಿದರೆ ಮರುದಿನವೇ ಬಂದು ಹೇಳು. ಮುಚ್ಚಿಟ್ಟರೆ ಕಾಯಿಲೆಗೂ ಕೇಸಿಗೂ ತೊಂದರೆ.

ತಾಯಿ ಚೀಲದಿಂದ ಒಂದು ಕರಪತ್ರ ತೆಗೆದಳು. ಯಾವುದೋ ಖಾಸಗಿ ಕೇಂದ್ರದ್ದು, ಮೂರು ತಿಂಗಳು ಕೂಡಿಹಾಕಿ ಬಿಡಿಸುತ್ತಾರಂತೆ. ಓಲೆ ಅಡ ಇಡಲು ತಯಾರಾಗಿದ್ದಳು. "ಬೇಡ ಅವ್ವಾ" ಅಂದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳಿಗೆ ನೋಂದಣಿ ಬೇಕು. ಸರ್ಕಾರದ ಮಾನ್ಯತೆ ಇಲ್ಲದ ಕಡೆ ಸೇರಿಸಿದರೆ 64ಎ ಕೂಡ ಕೈಗೆ ಬರುವುದಿಲ್ಲ. ವಕೀಲರ ಫೀಸಿಗೂ ಸಾಲ ಮಾಡಬೇಕಿಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ರಾತ್ರಿ ಕೈ ನಡುಗಿ ಮಾತು ತಪ್ಪಿದರೆ ಅಂತ್ರಕ್ಕೆ ಓಡದೆ 108ಕ್ಕೆ ಫೋನ್ ಮಾಡು ಅಂದೆ. ಮಾದಕ ವ್ಯಸನದ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಎರಡನ್ನೂ ಅವಳ ಫೋನಿನ ಹಿಂದೆ ಅಂಟಿಸಿಕೊಟ್ಟೆ.

ಅಂದೇ ಅಡ್ಮಿಟ್ ಆದ. ಎರಡನೇ ತಿಂಗಳಲ್ಲಿ ಊರ ಜಾತ್ರೆಯಲ್ಲಿ ಒಂದು ದಿನ ಕುಡಿದ. ಮರುದಿನ ಓಪಿಡಿ ತೆರೆಯುವ ಮುಂಚೆ ಬಾಗಿಲಲ್ಲಿ ನಿಂತಿದ್ದ. ಅದನ್ನೂ ದಾಖಲು ಮಾಡಿದೆವು, ಅವನ ಒಪ್ಪಿಗೆ ಪಡೆದೇ. ವಕೀಲರು 64ಎ ಅಡಿ ಅರ್ಜಿ ಹಾಕಿದ್ದಾರೆ, ಆದೇಶ ಇನ್ನೂ ಬಂದಿಲ್ಲ. ಮುಂದಿನ ವಾಯಿದೆಗೆ ಡಿಸ್ಚಾರ್ಜ್ ಸಮ್ಮರಿ, ಫಾಲೋಅಪ್ ಪುಸ್ತಕ ಎರಡನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದೇನೆ.